ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿಯನ್ನು ಮತ್ತೆ ಘಾಟಿ ಹತ್ತಿಸುವುದು ಹೇಗೆ?

ಕೊಡಗಿನ ಎಷ್ಟೋ ಮನೆಗಳಲ್ಲಿ ಒಂದು ಹಳೆಯ ಬೈಕು ಹಾಗೇ ನಿಂತಿದೆ. ಗೋದಾಮಿನ ಹಿಂದೆಯೋ, ಸೌದೆ ಕೊಟ್ಟಿಗೆಯಲ್ಲೋ, ಹರಿದ ಟಾರ್ಪಾಲಿನ ಕೆಳಗೋ ಇರುತ್ತದೆ. ಕಾಲೇಜಿಗೆ ಹೋಗಿದ್ದು ಅದರಲ್ಲೇ. ಮದುವೆಯಾದ ಹೊಸದರಲ್ಲಿ ಭಾಗಮಂಡಲಕ್ಕೆ ಹೋಗಿ ಬಂದಿದ್ದೂ ಅದರಲ್ಲೇ. ಮಾರಲು ಮನಸ್ಸು ಬರಲಿಲ್ಲ, ಓಡಿಸಲು ಪುರುಸೊತ್ತು ಸಿಗಲಿಲ್ಲ. ಅಂಥ ಬೈಕನ್ನು ಮತ್ತೆ ರಸ್ತೆಗೆ ತರಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಹಳೆಯ ಜಾವಾ ಮತ್ತು ಯೆಜ್ಡಿ 250 ಬಗ್ಗೆ. ನಮಗೆ ಇವು ಪಕ್ಕದ ಊರಿನ ಬೈಕುಗಳು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ, ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದಲ್ಲಿ. 1961ರಲ್ಲಿ ಅಲ್ಲಿ ಜಾವಾ ತಯಾರಿಕೆ ಶುರುವಾಯಿತು. 1973ರ ಹೊತ್ತಿಗೆ ಬೈಕಿನ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಅನ್ನುವ ಹೆಸರಿನಲ್ಲಿ ಬಂದ ಹೊಸ ಬೈಕುಗಳು ಫೋರ್ ಸ್ಟ್ರೋಕ್. ಹಳೆಯವು ಟೂ ಸ್ಟ್ರೋಕ್, ಅಂದರೆ ಪೆಟ್ರೋಲ್ ಜೊತೆಗೇ ಎಣ್ಣೆ ಬೆರೆಸಿ ಓಡಿಸುವ ಇಂಜಿನ್. ಅವುಗಳ ಇಂಜಿನ್ ಭಾಗಗಳು ನಿಮ್ಮ ಹಳೆಯ ಗಾಡಿಗೆ ಕೂರುವುದಿಲ್ಲ. ನಿಮ್ಮದು ರಾಜದೂತ್ ಆಗಿದ್ದರೆ ಇಲ್ಲಿಯ ಬಹುಪಾಲು ಮಾತು ಅದಕ್ಕೂ ಸಲ್ಲುತ್ತದೆ, ಅದೂ ಟೂ ಸ್ಟ್ರೋಕ್. ಬುಲೆಟ್ ಆದರೆ ಕಾಗದ, ಟ್ಯಾಂಕ್, ಬಣ್ಣದ ಭಾಗವನ್ನು ಮಾತ್ರ ತೆಗೆದುಕೊಳ್ಳಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಕೊನೆಗೆ. ಹೆಚ್ಚಿನವರು ಬೈಕನ್ನು ಬಿಚ್ಚಿದ ಕೂಡಲೇ ಟ್ಯಾಂಕನ್ನು ಪೇಂಟಿಗೆ ಕಳಿಸುತ್ತಾರೆ. ದುಡ್ಡೆಲ್ಲ ಹೊಳಪಿಗೆ ಹೋಗುತ್ತದೆ. ಆಮೇಲೆ ಇಂಜಿನ್ ಕೆಲಸಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ. ಬೈಕು ಹಜಾರದಲ್ಲಿ ಹೂವಿನ ಹಾರ ಹಾಕಿಕೊಂಡು ನಿಲ್ಲುತ್ತದೆ. ನಮ್ಮ ಊರಿನ ಏರು ತಗ್ಗಿನಲ್ಲಿ, ನಮ್ಮ ಮಳೆಯಲ್ಲಿ ಓಡುವ ಗಾಡಿ ಬೇಕು ಅಂದರೆ ಮೊದಲು ಕಾಗದ, ಆಮೇಲೆ ಇಂಜಿನ್, ಬ್ರೇಕು, ಎಲ್ಲ ಸರಿಹೋದ ಮೇಲೆ ಬಣ್ಣ.

ಯಾವ ತಿಂಗಳು, ಯಾವ ಕೆಲಸ

ಬೇರೆ ಊರಿನವರಿಗೆ ಈ ಲೆಕ್ಕ ಬೇಕಾಗಿಲ್ಲ, ನಮಗೆ ಬೇಕು. ಮಳೆಗಾಲದಲ್ಲಿ ತೋಟದ ಕೆಲಸ ಸ್ವಲ್ಪ ಕಡಿಮೆ. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳಲ್ಲಿ ಹೊರಗೆ ಕಾಲಿಡಲು ಆಗದ ದಿನಗಳೇ ಜಾಸ್ತಿ. ಬೈಕನ್ನು ಬಿಚ್ಚಿ, ತೊಳೆದು, ಪಟ್ಟಿ ಮಾಡಲು ಅದೇ ಸರಿಯಾದ ಸಮಯ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಮುಗಿದು ಮಳೆ ಕಡಿಮೆಯಾದ ಮೇಲೆ ಮೈಸೂರಿಗೆ ಹೋಗಿ ಲೇತ್ ಕೆಲಸ, ಬಿಡಿಭಾಗ ನೋಡಿಕೊಳ್ಳಿ. ಬಣ್ಣದ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಒಣ ಹವೆ ಬೇಕು. ಆದರೆ ಹುತ್ತರಿ ಹಬ್ಬ ಆದ ಮೇಲೆ ಕಾಫಿ ಕೊಯ್ಲು, ಕಣದ ಕೆಲಸ. ಆ ಹೊತ್ತಿಗೆ ಇಂಜಿನ್ ಕೆಲಸ ಮುಗಿದಿದ್ದರೆ ಟ್ಯಾಂಕು, ಮಡ್‌ಗಾರ್ಡುಗಳನ್ನು ಪೇಂಟರಿಗೆ ಕೊಟ್ಟು ನೀವು ಕೊಯ್ಲು ನೋಡಿಕೊಳ್ಳಬಹುದು. ಕಾಫಿ ಹೂ ಬಿಡುವ ಹೊತ್ತಿಗೆ ಬೈಕು ಜೋಡಿಸಿ, ಮಳೆ ಹಿಡಿಯುವ ಮೊದಲು ರನ್ನಿಂಗ್-ಇನ್ (ಹೊಸ ಇಂಜಿನ್ ಭಾಗಗಳು ಹೊಂದಿಕೊಳ್ಳಲು ನಿಧಾನಕ್ಕೆ ಓಡಿಸುವುದು) ಮುಗಿಸಬಹುದು. ಒಂದು ವರ್ಷ ಹಿಡಿಯುತ್ತದೆ. ಅದಕ್ಕಿಂತ ಬೇಗ ಮುಗಿಸುತ್ತೇನೆ ಅಂತ ಯಾರಾದರೂ ಹೇಳಿದರೆ, ಯಾವ ಕೆಲಸ ಬಿಡುತ್ತೀರಿ ಅಂತ ಕೇಳಿ.

ಕಾಗದ

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಪುಸ್ತಕ ಹುಡುಕಿ. ಚಾಸಿ ನಂಬರ್ ಹ್ಯಾಂಡಲ್ ಕೆಳಗಿನ ಹೆಡ್ ಪೈಪಿನ ಮೇಲಿರುತ್ತದೆ. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲಿರುತ್ತದೆ, ಅಂದರೆ ಇಂಜಿನ್ನಿನ ಕೆಳಗಿನ ಲೋಹದ ಪೆಟ್ಟಿಗೆಯ ಮೇಲೆ. ಸೀಮೆಎಣ್ಣೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ, ಆರ್‌ಸಿ ಜೊತೆ ತಾಳೆ ನೋಡಿ, ಫೋಟೋ ತೆಗೆದಿಡಿ. ಆ ಜಾಗವನ್ನು ಗ್ರೈಂಡರ್‌ನಲ್ಲಿ ಉಜ್ಜಬೇಡಿ. ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡುವಾಗ ಅಲ್ಲಿಗೆ ದಪ್ಪ ಟೇಪ್ ಸುತ್ತಿ ಕೊಡಿ. ನಂಬರ್ ಮಾಸಿತು ಅಂದರೆ ಮುಂದೆ ಎಲ್ಲಾ ಕಷ್ಟ.

ಬೈಕು ತೀರಿಹೋದ ಅಪ್ಪನ ಅಥವಾ ದೊಡ್ಡಪ್ಪನ ಹೆಸರಿನಲ್ಲಿದ್ದರೆ ಫಾರಂ 31, ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಅಣ್ಣತಮ್ಮಂದಿರು ಎಲ್ಲರೂ ಊರಿಗೆ ಬಂದಿರುವ ಹಬ್ಬದ ದಿನವೇ ಸಹಿ ಹಾಕಿಸಿಕೊಳ್ಳಿ. ಬದುಕಿರುವವರಿಂದ ಕೊಂಡಿದ್ದರೆ ಫಾರಂ 29 ಮತ್ತು 30. ಆರ್‌ಸಿ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಫಾರಂ 26. ನೋಂದಣಿ ಮೈಸೂರಿನದ್ದಾಗಿದ್ದು ಬೈಕು ಇಲ್ಲಿದ್ದರೆ ಫಾರಂ 28ರಲ್ಲಿ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು ಮಡಿಕೇರಿ ಆರ್‌ಟಿಒದಲ್ಲಿ ಕೊಡಬೇಕು. 15 ವರ್ಷದ ನೋಂದಣಿ ಅವಧಿ ಯಾವತ್ತೋ ಮುಗಿದಿರುತ್ತದೆ. ಅದನ್ನು ನವೀಕರಿಸಲು ಫಾರಂ 25 ಕೊಟ್ಟು, ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ಹಳೆಯ ಕೈಬರಹದ ಪುಸ್ತಕವಾಗಿದ್ದರೆ ನಿಮ್ಮ ನಂಬರ್ ಕಂಪ್ಯೂಟರ್‌ನಲ್ಲಿ ಸಿಗದೇ ಇರಬಹುದು. ಆಗ ಕಚೇರಿಯವರು ಹಳೆಯ ದಾಖಲೆಯನ್ನು ಮೊದಲು ಕಂಪ್ಯೂಟರಿಗೆ ಸೇರಿಸಿಕೊಳ್ಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಅದಕ್ಕೇ ಈ ಕೆಲಸ ಮೊದಲು.

50 ವರ್ಷ ದಾಟಿದ ಬೈಕುಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ, ಮರುನೋಂದಣಿಗೆ 5,000. ಕೇಳಲು ಚೆನ್ನಾಗಿದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗೆ ತರಬಹುದು. ಗೋಣಿಕೊಪ್ಪ ಸಂತೆಗೂ ಅದರಲ್ಲೇ ಹೋಗಬೇಕು ಅಂತ ಆಸೆ ಇದ್ದರೆ ಮಾಮೂಲಿ ನವೀಕರಣವೇ ಸರಿ. ನನ್ನ ಸಲಹೆ ಅದೇ.

ಬಿಚ್ಚುವ ಮೊದಲು

ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕೇಬಲ್ ಯಾವ ಕಡೆಯಿಂದ ಹೋಗಿದೆ, ವೈರ್ ಯಾವ ಬಣ್ಣದ್ದು ಎಲ್ಲಿ ಸೇರಿದೆ, ವಾಷರ್ ಯಾವ ಬೋಲ್ಟಿನ ಕೆಳಗಿದೆ, ಎಲ್ಲದರ ಫೋಟೋ ಇರಲಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಪುಟ್ಟ ಪುಟ್ಟ ಕವರಿಗೆ ಹಾಕಿ ಚೀಟಿ ಬರೆದಿಡಿ. ಆರು ತಿಂಗಳ ನಂತರ ಜೋಡಿಸುವಾಗ ಯಾವ ಬೋಲ್ಟು ಎಲ್ಲಿಯದು ಅಂತ ಯಾರಿಗೂ ನೆನಪಿರುವುದಿಲ್ಲ.

ಹಳೆಯ ಭಾಗ ಯಾವುದನ್ನೂ ಎಸೆಯಬೇಡಿ. ಒಡೆದ ಸ್ಪೀಡೋಮೀಟರ್, ತುಕ್ಕು ಹಿಡಿದ ಸೈಲೆನ್ಸರ್, ಬಗ್ಗಿದ ಲಿವರ್ ಎಲ್ಲ ಇರಲಿ. ಈಗ ಸಿಗುವ ನಕಲಿ ಭಾಗಗಳ ತಗಡು ತೆಳುವಾಗಿರುವುದೇ ಜಾಸ್ತಿ, ಅಳತೆಯೂ ಸರಿಯಾಗಿ ಕೂರುವುದಿಲ್ಲ. ಕಾರ್ಖಾನೆಯ ಮೂಲ ಭಾಗವನ್ನು ರಿಪೇರಿ ಮಾಡಿಸಿ ಹಾಕಿದರೆ ಇನ್ನೂ ಹಲವು ವರ್ಷ ಬರುತ್ತದೆ. ಹೊಸದು ತಂದರೂ ಹಳೆಯದನ್ನು ಪಕ್ಕದಲ್ಲಿಟ್ಟು ಅಳತೆ ನೋಡಲು ಬೇಕಾಗುತ್ತದೆ.

ಜಾಮ್ ಆದ ಇಂಜಿನ್

ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡಿರುವುದು ಮಾಮೂಲು. ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ. ಜಾವಾ, ಯೆಜ್ಡಿಯಲ್ಲಿ ಗೇರ್ ಲಿವರ್ ಮತ್ತು ಕಿಕ್ಕರ್ ಒಂದೇ. ಒಳಗೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಅದರ ಒಳಗಿನ ಹಲ್ಲು ಮುರಿದರೆ ಇಂಜಿನ್ ಬಿಚ್ಚಲೇಬೇಕು.

ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ಡೀಸೆಲ್ ಮತ್ತು 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸಮ ಸಮ ಬೆರೆಸಿ ಅರ್ಧ ಲೋಟ ಸುರಿಯಿರಿ. ತೂತಿಗೆ ಬಟ್ಟೆ ತುರುಕಿ ಕೆಲವು ದಿನ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸಿ. ಒಂದು ಕೂದಲೆಳೆಯಷ್ಟು ಸರಿದರೂ ಸಾಕು, ಮತ್ತೆ ಎಣ್ಣೆ ಹಾಕಿ ಕಾಯಿರಿ. ಬಿಡದಿದ್ದರೆ ಹೆಡ್ ಬಿಚ್ಚಿ ನೋಡುವುದೇ ದಾರಿ.

ಸೈಲೆನ್ಸರ್ ಒಳಗೂ ನೋಡಿ. ಕಡಜದ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಎರಡು ಸೈಲೆನ್ಸರ್ ಇರುವುದರಿಂದ ಒಂದು ಮುಚ್ಚಿದ್ದರೂ ಇಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಆದರೆ ಎಳೆತ ಇರುವುದಿಲ್ಲ, ಕಾರಣ ಗೊತ್ತಾಗದೆ ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತೀರಿ. ಹಳೆಯ ಇಂಗಾಲ ಗಟ್ಟಿಯಾಗಿದ್ದರೆ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಬಹುದು. ಕೈಗೆ ಗ್ಲೋವ್ಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಭಾಗಕ್ಕೆ ಆ ನೀರು ತಾಗಿಸಬೇಡಿ, ಕರಗಿಹೋಗುತ್ತದೆ.

ಇಂಜಿನ್ ಬಿಚ್ಚುವುದು

ಈ ಭಾಗದಲ್ಲಿ ಜಿಪುಣತನ ಬೇಡ. ಗಾಡಿ ಒಮ್ಮೆ ಸ್ಟಾರ್ಟ್ ಆಯಿತು ಅಂದ ಕೂಡಲೇ ಇಂಜಿನ್ ಸರಿಯಿದೆ ಅಂತಲ್ಲ. 20, 30 ವರ್ಷ ನಿಂತ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಕಲ್ಲಾಗಿರುತ್ತವೆ. ಸೀಲು ಅಂದರೆ ಬರೀ ರಬ್ಬರ್ ಬಳೆ ಅನಿಸುತ್ತದೆ, ಅಲ್ವಾ? ಆದರೆ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ಮೊದಲು ಹೋಗುವುದೇ ಕ್ರ್ಯಾಂಕ್‌ಕೇಸಿಗೆ. ಅಲ್ಲಿಂದ ಒತ್ತಡದಲ್ಲಿ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕ್‌ಕೇಸ್ ಸೋರಿದರೆ ಇಡೀ ಲೆಕ್ಕ ತಪ್ಪುತ್ತದೆ.

ಯಾವ ಕಡೆಯ ಸೀಲು ಹೋಗಿದೆ ಅಂತ ಇಂಜಿನ್ನೇ ಹೇಳುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಎಣ್ಣೆಯನ್ನು ಇಂಜಿನ್ ಎಳೆದುಕೊಂಡು ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ, ಗೇರ್ ಬಾಕ್ಸಿನ ಎಣ್ಣೆ ಕಾರಣವಿಲ್ಲದೆ ಕಡಿಮೆಯಾಗುತ್ತದೆ. ಡೈನಮೋ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ಇಳಿಯುವುದಿಲ್ಲ, ತಾನಾಗಿ ಏರುತ್ತದೆ. ಎರಡನೆಯದು ಹೆಚ್ಚು ಅಪಾಯ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಅದರ ಜೊತೆ ಎಣ್ಣೆಯೂ ಕಡಿಮೆ. ಪಿಸ್ಟನ್ ಕಾದು ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿಗೆ ಹಿಡಿದು ನಿಂತುಬಿಡುತ್ತದೆ.

ಆದ್ದರಿಂದ ಇಂಜಿನ್ ಪೂರ್ತಿ ಬಿಚ್ಚಿಸಿ. ಸೀಲು, ಬೇರಿಂಗ್, ಪ್ಯಾಕಿಂಗ್ ಎಲ್ಲ ಹೊಸದು ಹಾಕಿಸಿ. ಸೀಲು ಕೊಳ್ಳುವಾಗ ಬೆರಳಿನಲ್ಲಿ ಹಿಂಡಿ ನೋಡಿ, ಅಂಗಡಿಯಲ್ಲೇ ಹಳತಾಗಿ ಗಟ್ಟಿಯಾದ ಸ್ಟಾಕ್ ಬೇಡ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಹಾಗೆ ಎಳೆದಾಗ ಆಟ ಇದ್ದರೆ ರಾಡ್ ಕಿಟ್ ಹಾಕಿಸಬೇಕು. ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ. ಈ ಕ್ರ್ಯಾಂಕ್ ಪ್ರೆಸ್‌ನಲ್ಲಿ ಒತ್ತಿ ಕೂಡಿಸಿದ್ದು. ಅದನ್ನು ಬಿಚ್ಚಿ, ಮತ್ತೆ ಒತ್ತಿ, ಡಯಲ್ ಗೇಜ್ (ಸೂಕ್ಷ್ಮ ಅಳತೆ ತೋರಿಸುವ ಮುಳ್ಳಿನ ಮೀಟರ್) ಇಟ್ಟು ನೇರ ಮಾಡಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರ ಹತ್ತಿರ ಕೊಡಬೇಡಿ. ಮೈಸೂರಿನಲ್ಲಿ ಈ ಇಂಜಿನ್‌ಗಳನ್ನೇ ಬಿಚ್ಚಿ ಕಟ್ಟಿ ಕೈ ಪಳಗಿದವರು ಇನ್ನೂ ಇದ್ದಾರೆ. ನಾಲ್ಕು ಜನ ಹಳೆಯ ಯೆಜ್ಡಿ ಸವಾರರನ್ನು ಕೇಳಿದರೆ ಒಂದೇ ಎರಡೇ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರ ಹತ್ತಿರ ಸರದಿ ಉದ್ದ ಇದ್ದರೂ ಕಾಯುವುದು ಒಳ್ಳೆಯದು.

ಮೂಲ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿ ಇಳಿಯುವ ದೂರ) 75 ಮಿ.ಮೀ. ಸಿಲಿಂಡರಿನಲ್ಲಿ ಗೆರೆ ಬಿದ್ದಿದ್ದರೆ ಬೋರ್ ಹೊಡೆಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು. ಕಾಲು ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡ ಸೈಜುಗಳು ಬರುತ್ತವೆ. ಪಿಸ್ಟನ್ ಮೊದಲು ತನ್ನಿ, ಆಮೇಲೆ ಬೋರ್ ಹೊಡೆಸಿ. ಕೈಯಲ್ಲಿರುವ ಪಿಸ್ಟನ್ ಅಳೆದು ಅದಕ್ಕೆ ತಕ್ಕ ಸಂದು ಬಿಟ್ಟು ಹೊಡೆಯಬೇಕು, ಅಂದಾಜಿನಲ್ಲಿ ಅಲ್ಲ. ಬೋರ್ ಆದ ಮೇಲೆ ಸಿಲಿಂಡರ್ ಗೋಡೆಯ ತೂತಿನ, ಅಂದರೆ ಪೋರ್ಟಿನ ಅಂಚು ಚೂಪಾಗಿ ಉಳಿದಿರುತ್ತದೆ. ಅದನ್ನು ನಯವಾಗಿ ಉಜ್ಜಿ ಅಂತ ನೀವಾಗಿಯೇ ಹೇಳಿ. ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗೆ ಇರಬೇಕು. ರಿಂಗಿನ ಎರಡು ತುದಿ ಪಿಸ್ಟನ್ ಗೀರಿನಲ್ಲಿರುವ ಪುಟ್ಟ ಪಿನ್ನಿನ ಎರಡು ಬದಿಗೆ ಸರಿಯಾಗಿ ಕೂತಿದೆಯಾ ಅಂತ ಸಿಲಿಂಡರ್ ಇಳಿಸುವ ಮೊದಲು ಇನ್ನೊಮ್ಮೆ ನೋಡಿ.

ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಹೆಚ್ಚಿನ ಗ್ಯಾರೇಜುಗಳಲ್ಲಿ ಇದನ್ನು ಮಾಡುವುದಿಲ್ಲ, ನೀವು ಕೇಳಿ ಮಾಡಿಸಿ. ಎರಡು ಎಕ್ಸಾಸ್ಟ್ ಬಾಯಿಯನ್ನೂ ಕಾರ್ಬುರೇಟರ್ ಬಾಯಿಯನ್ನೂ ರಬ್ಬರ್ ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಿ. ಒಂದು ಕಡೆ ಸಣ್ಣ ನಳಿಕೆ ಬಿಟ್ಟು ಗಾಳಿ ತುಂಬಿ. ಬಿಪಿ ನೋಡುವ ಹಳೆಯ ಉಪಕರಣದ ರಬ್ಬರ್ ಬಲ್ಬ್ ಮತ್ತು ಮೀಟರ್ ಇದಕ್ಕೆ ಚೆನ್ನಾಗಿ ಆಗುತ್ತದೆ. ಮುಳ್ಳು 250ರ ಹತ್ತಿರ ಬರುವವರೆಗೆ ಒತ್ತಿ, ಐದು ನಿಮಿಷ ನೋಡಿ. ಮುಳ್ಳು ನಿಂತಲ್ಲೇ ನಿಂತರೆ ಇಂಜಿನ್ ಭದ್ರ. ಇಳಿದರೆ ಸಾಬೂನು ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಗಾಳಿ ಪಂಪ್ ಅಥವಾ ಕಂಪ್ರೆಸರ್ ಬಳಸಬೇಡಿ, ಒತ್ತಡ ಜಾಸ್ತಿಯಾದರೆ ಹೊಸ ಸೀಲೇ ಜಾರಿ ಹೊರಗೆ ಬರುತ್ತದೆ.

ಕ್ಲಚ್ ಬಗ್ಗೆ ಒಂದು ಮಾತು. ಈ ಬೈಕಿನಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಸ್ವಲ್ಪ ಬಿಡುತ್ತದೆ. ಆ ಏರ್ಪಾಡಿನ ಸ್ಕ್ರೂ ಸರಿಯಾಗಿ ಹೊಂದಿಸದಿದ್ದರೆ ಏರಿನಲ್ಲಿ ಕ್ಲಚ್ ಜಾರುತ್ತದೆ, ಇಲ್ಲವೇ ಗೇರ್ ಬೀಳುವುದಿಲ್ಲ. ಪ್ಲೇಟ್ ಸವೆದಿದೆ ಅಂತ ಹೊಸದು ತರುವ ಮೊದಲು ಆ ಸ್ಕ್ರೂ ನೋಡಿಸಿ.

ಟ್ಯಾಂಕ್ ಮತ್ತು ಕಾರ್ಬುರೇಟರ್

ಟ್ಯಾಂಕಿನ ಒಳಗೆ ಟಾರ್ಚ್ ಹಾಕಿ ನೋಡಿದರೆ ತುಕ್ಕು ಕಾಣುತ್ತದೆ. ಹಳೆಯ ಪೆಟ್ರೋಲ್ ಖಾಲಿ ಮಾಡಿ, ಟ್ಯಾಪ್ ತೆಗೆದು, ಆ ತೂತು ಮುಚ್ಚಿ. ಒಂದು ಹಿಡಿ ಸಣ್ಣ ನಟ್ಟು ಅಥವಾ ಹಳೆಯ ಚೈನಿನ ತುಂಡು, ಜೊತೆಗೆ ಬಿಳಿ ವಿನಿಗರ್ ತುಂಬಿ ಒಂದೆರಡು ದಿನ ಬಿಡಿ, ನಡುನಡುವೆ ಕುಲುಕಿ. ಸುರಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತಕ್ಷಣ 2ಟಿ ಆಯಿಲ್ ಸುತ್ತಾಡಿಸಿ. ಇಲ್ಲಿಯ ತೇವದ ಗಾಳಿಗೆ ತೊಳೆದ ತಗಡು ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಗಾಗುತ್ತದೆ. ಹೀಗೆ ತೊಳೆಯುವಾಗ ಸಣ್ಣ ತೂತುಗಳು ಹೊರಬರುತ್ತವೆ. ಬಣ್ಣ ಕೊನೆಗೆ ಅಂದಿದ್ದಕ್ಕೆ ಇದೂ ಒಂದು ಕಾರಣ. ವೆಲ್ಡಿಂಗ್ ಬೇಕಾದರೆ, ಪೆಟ್ರೋಲ್ ಟ್ಯಾಂಕ್ ಅಂತ ಮೊದಲೇ ಹೇಳಿ ಅನುಭವ ಇರುವವರಿಗೇ ಕೊಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೂ ಸಿಡಿಯುತ್ತದೆ.

ನಿಮ್ಮ ಬೈಕು ತಯಾರಾದ ಕಾಲದ ಪೆಟ್ರೋಲ್ ಈಗ ಇಲ್ಲ. ಬಂಕಿನ ಪೆಟ್ರೋಲ್‌ನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಎಥೆನಾಲ್ ಜೊತೆಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ಪೈಪ್, ಟ್ಯಾಪಿನ ವಾಷರ್ ಎಲ್ಲ ಮೆತ್ತಗಾಗಿ ಉಬ್ಬುತ್ತವೆ. ಎಥೆನಾಲ್ ತಡೆಯುವ ಪೈಪೇ ಹಾಕಿ. ಟ್ಯಾಂಕ್ ತುಂಬಾ ಹಾಕಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಸುತ್ತಾಡಲು ಬೇಕಾದಷ್ಟೇ ಹಾಕಿಸಿ.

ಕಾರ್ಬುರೇಟರ್ ಜೆಟ್ಟಿನ ತೂತಿಗೆ ತಂತಿ ತೂರಿಸಬೇಡಿ, ಅಳತೆ ಹಾಳಾಗುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿ ಹೊಡೆಯಿರಿ. ಫ್ಲೋಟ್ ಸೂಜಿ ಸವೆದಿದ್ದರೆ ಬದಲಿಸಿ. ಗಾಡಿ ನಿಲ್ಲಿಸಿದಾಗೆಲ್ಲ ಪೆಟ್ರೋಲ್ ಟ್ಯಾಪ್ ಮುಚ್ಚುವ ಅಭ್ಯಾಸ ಇರಲಿ. ಇಲ್ಲದಿದ್ದರೆ ರಾತ್ರಿಯೆಲ್ಲ ಸೋರಿ ಕ್ರ್ಯಾಂಕ್‌ಕೇಸ್ ತುಂಬಿ ಬೆಳಗ್ಗೆ ಕಿಕ್ ಹೊಡೆದು ಸುಸ್ತಾಗುತ್ತೀರಿ.

ಕರೆಂಟು, ಚಕ್ರ, ಬ್ರೇಕು

ಹಳೆಯ ಮಾದರಿಗಳಲ್ಲಿ 6 ವೋಲ್ಟ್, ಕೊನೆಯ ವರ್ಷಗಳ ಕೆಲವು ಯೆಜ್ಡಿ ರೋಡ್‌ಕಿಂಗ್‌ಗಳಲ್ಲಿ 12 ವೋಲ್ಟ್ ಮತ್ತು ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್). ನಿಮ್ಮದು ಯಾವುದು ಅಂತ ನೋಡಿಯೇ ಬಲ್ಬ್, ಬ್ಯಾಟರಿ ತನ್ನಿ. ಇಲಿ ಕಚ್ಚಿದ ವೈರಿಗೆ ಟೇಪ್ ಸುತ್ತುತ್ತಾ ಹೋಗುವ ಬದಲು ಪೂರ್ತಿ ಹೊಸ ವೈರಿಂಗ್ ಹಾಕಿಸಿ. ಸಿಡಿಐ ಬದಲು ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿದು ಬಿಡುವ ಸಂಪರ್ಕ) ಇರುವ ಬೈಕಿಗೆ ಪಾಯಿಂಟ್ ಸಂದು 0.4 ಮಿ.ಮೀ., ಪ್ಲಗ್ ಸಂದು ಸುಮಾರು 0.6 ಮಿ.ಮೀ. ಕಂಡೆನ್ಸರ್ ಹೊಸದು ಹಾಕಿ, ಇನ್ನೊಂದು ಸೀಟಿನ ಕೆಳಗೆ ಇರಲಿ. ಟೈಮಿಂಗ್ ಅನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಕಿವಿಯಲ್ಲಿ ಕೇಳಿ ಹೊಂದಿಸುವವರಿದ್ದಾರೆ. ಹೊಸ ಬೋರ್ ಹೊಡೆದ ಇಂಜಿನ್ನಿಗೆ ಅದು ಸಾಲದು. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ನಿಮ್ಮ ಮಾದರಿಯ ಮ್ಯಾನುವಲ್‌ನಲ್ಲಿರುವ ಅಳತೆಗೇ ಇಡಿಸಿ.

ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕ್. ಡಿಸ್ಕಿಗೆ ಒಗ್ಗಿದ ಕೈಗೆ ಇದು ನಿಧಾನ ಅನಿಸುತ್ತದೆ. ಹೊಸ ಲೈನರ್ ಹಾಕಿಸಿ, ಡ್ರಮ್ ಓವಲ್ ಆಗಿದ್ದರೆ ಲೇತ್‌ನಲ್ಲಿ ಸರಿಮಾಡಿಸಿ, ಕೇಬಲ್ ಹೊಸದು ಹಾಕಿ. ಟೈರಿನ ಬಟನ್ ಚೆನ್ನಾಗಿ ಕಂಡರೂ 20 ವರ್ಷದ ರಬ್ಬರ್ ಬೇಡವೇ ಬೇಡ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಚಕ್ರದ ಬೇರಿಂಗ್, ಸ್ಪೋಕ್ ಬಿಗಿ, ಇಷ್ಟೂ ಒಂದೇ ಸಲ ಮುಗಿಸಿಬಿಡಿ.

ಬಣ್ಣ, ಕ್ರೋಮ್

ಇಲ್ಲಿಯವರೆಗೆ ಬಂದ ಮೇಲೆ ಹಳೆಯ ಬಣ್ಣವನ್ನೇ ಇನ್ನೊಮ್ಮೆ ನೋಡಿ. ಮಾಸಿದ ಮರೂನ್, ಮೊಣಕಾಲು ತಾಗಿ ಸವೆದ ಟ್ಯಾಂಕ್, ಕೈಯಲ್ಲಿ ಎಳೆದ ಬಂಗಾರದ ಗೆರೆ. ಅದು ಕಾರ್ಖಾನೆಯದ್ದೇ ಆಗಿದ್ದರೆ, ತುಕ್ಕು ಹಿಡಿದ ಜಾಗವನ್ನಷ್ಟೇ ಸರಿಮಾಡಿಸಿ ಉಳಿದದ್ದನ್ನು ಪಾಲಿಶ್ ಮಾಡಿ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ಹೊಸ ಬಣ್ಣ ಯಾವತ್ತು ಬೇಕಾದರೂ ಹೊಡೆಸಬಹುದು. ಯಾದವಗಿರಿಯಲ್ಲಿ ಹೊಡೆದ ಬಣ್ಣ ಒಮ್ಮೆ ಉಜ್ಜಿದರೆ ಹೋಯಿತು.

ಹೊಡೆಸಲೇಬೇಕು ಅಂದರೆ ಒಣ ದಿನ ನೋಡಿ. ತೇವದ ದಿನ ಹೊಡೆದ ಬಣ್ಣ ಮಂಜು ಮುಸುಕಿದ ಹಾಗೆ ಬೆಳ್ಳಗಾಗುತ್ತದೆ, ಕೆಳಗಿನ ತಗಡಿನಲ್ಲಿ ತುಕ್ಕು ಬೆಳೆಯುತ್ತದೆ. ತುಕ್ಕು ಪೂರ್ತಿ ತೆಗೆದು, ಎಪಾಕ್ಸಿ ಪ್ರೈಮರ್ ಹೊಡೆದು, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಪುಟ್ಟಿಯನ್ನು ದಪ್ಪಕ್ಕೆ ಮೆತ್ತುವ ಪೇಂಟರ್ ಬೇಡ. ಟಿಂಕರಿಂಗ್ (ತಗ್ಗು ತೆಗೆದು ತಗಡು ನೇರ ಮಾಡುವುದು) ಚೆನ್ನಾಗಿ ಮಾಡಿಸಿದರೆ ಪುಟ್ಟಿ ತೆಳುವಾಗಿ ಸಾಕು.

ಕ್ರೋಮ್ ಮಾಡಿಸುವಾಗ ತಾಮ್ರ, ನಿಕಲ್, ಅದರ ಮೇಲೆ ಕ್ರೋಮ್ ಅಂತ ಮೂರೂ ಪದರ ಇದೆಯಾ ಕೇಳಿ. ತೆಳ್ಳನೆಯ ಒಂದೇ ಪದರ ನಮ್ಮ ಒಂದು ಮಳೆಗಾಲ ತಡೆಯುವುದಿಲ್ಲ. ಟ್ಯಾಂಕಿನ ಪಕ್ಕದ ತಗಡು ಹಳೆಯದಾಗಿ ತೆಳುವಾಗಿದ್ದರೆ ಪ್ಲೇಟಿಂಗ್‌ಗೆ ಮೊದಲು ಮಾಡುವ ಪಾಲಿಶ್‌ನಲ್ಲೇ ತೂತಾಗಬಹುದು. ಅದನ್ನು ಪ್ಲೇಟಿಂಗ್ ಮಾಡುವವರಿಗೆ ತೋರಿಸಿ ಮಾತಾಡಿಯೇ ಕೊಡಿ.

ಸ್ಟಾರ್ಟ್ ಮಾಡಿ, ಘಾಟಿ ಇಳಿಯುವ ಮೊದಲು

ಮೊದಲ ಕೆಲವು ಟ್ಯಾಂಕಿಗೆ ಲೀಟರಿಗೆ 50 ಮಿ.ಲೀ. 2ಟಿ ಆಯಿಲ್ ಬೆರೆಸಿ. ರನ್ನಿಂಗ್-ಇನ್ ಮುಗಿದ ಮೇಲೆ 40 ಮಿ.ಲೀ. ಸಾಕು. ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿಯದೆ, ಒಂದು ಕ್ಯಾನಿನಲ್ಲಿ ಪೆಟ್ರೋಲ್ ಜೊತೆ ಕುಲುಕಿ ಹಾಕಿ. ಹೊಗೆ ಕಡಿಮೆ ಆಗಲಿ ಅಂತ ಎಣ್ಣೆ ಕಡಿಮೆ ಮಾಡಬೇಡಿ. ಪಿಸ್ಟನ್ನಿಗೆ ಬೇರೆ ಎಣ್ಣೆಯೇ ಇಲ್ಲ, ಪೆಟ್ರೋಲ್ ಜೊತೆ ಬಂದದ್ದೇ ಎಲ್ಲಾ.

ಮೊದಲ ಸಲ ಕೆಲವು ನಿಮಿಷ ಓಡಿಸಿ ನಿಲ್ಲಿಸಿ. ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಮೊದಲ 500 ಕಿ.ಮೀ. ಗಂಟೆಗೆ 40, 50 ದಾಟಬೇಡಿ. ಹಿಂದೆ ಯಾರನ್ನೂ ಕೂರಿಸಬೇಡಿ. ಒಂದೇ ವೇಗದಲ್ಲಿ ಹೋಗುವುದಕ್ಕಿಂತ ಏರಿಸಿ ಇಳಿಸಿ ಹೋಗುವುದು ಒಳ್ಳೆಯದು. ಈ ಹಂತಕ್ಕೆ ಕುಶಾಲನಗರದ ಕಡೆಯ ಸಮತಟ್ಟು ರಸ್ತೆ ಒಳ್ಳೆಯದು, ಮಡಿಕೇರಿಯ ಏರು ಆಮೇಲೆ. ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿರಿ. ಚಾಕಲೇಟ್ ಕಂದು ಇದ್ದರೆ ಸರಿ. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ತಕ್ಷಣ ಸರಿಮಾಡಿ.

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಯ ತೆಳು ಗಾಳಿಯಲ್ಲಿ ತುಂಬಾ ಹದವಾಗಿ ಕಾರ್ಬುರೇಟರ್ ಹೊಂದಿಸಿಕೊಂಡು ಸುಳ್ಯಕ್ಕೆ ಇಳಿದರೆ, ಕೆಳಗಿನ ದಟ್ಟ ಗಾಳಿಯಲ್ಲಿ ಅದೇ ಮಿಶ್ರಣಕ್ಕೆ ಪೆಟ್ರೋಲ್ ಕಡಿಮೆಯಾಗುತ್ತದೆ. ಮೇಲೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಅನ್ನಿಸುವ ಹಾಗೇ ಇಟ್ಟುಕೊಳ್ಳಿ.

ಘಾಟಿ ಇಳಿಯುವಾಗಿನ ಅಪಾಯ ಇನ್ನೂ ದೊಡ್ಡದು. ಸಂಪಾಜೆಯಲ್ಲೋ ಮಾಕುಟ್ಟದಲ್ಲೋ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೆ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ತೀರಾ ಕಡಿಮೆ ಹೋಗುತ್ತದೆ. ಪೆಟ್ರೋಲ್ ಕಡಿಮೆ ಅಂದರೆ ಎಣ್ಣೆಯೂ ಕಡಿಮೆ. ನಡುನಡುವೆ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಕೊಡಿ, ಒಳಗೆ ಎಣ್ಣೆ ಹೋಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಇಂಜಿನ್ ಹಿಡಿತವೂ ಕಡಿಮೆ, ಆದ್ದರಿಂದ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ. ಸುಮ್ನೆ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಕೆಳಗಿನ ತಿರುವಿನ ಹೊತ್ತಿಗೆ ಬ್ರೇಕೇ ಇರುವುದಿಲ್ಲ. ಓಡುವಾಗ ಇಂಜಿನ್ ಇದ್ದಕ್ಕಿದ್ದಂತೆ ಭಾರ ಅನ್ನಿಸಿದರೆ, ಎಳೆತ ಬಿದ್ದರೆ, ಯೋಚನೆ ಮಾಡದೆ ಕ್ಲಚ್ ಹಿಡಿಯಿರಿ. ಸೀಜ್ ಆಗುವ ಲಕ್ಷಣ ಅದು. ಹಿಂದಿನ ಚಕ್ರ ಲಾಕ್ ಆಗದಂತೆ ಕಾಯುವುದು ಆ ಕ್ಲಚ್ಚೇ.

ಮಳೆಗಾಲದಲ್ಲಿ ನಿಲ್ಲಿಸುವುದು

ಮತ್ತೆ ಅದೇ ಕೊಟ್ಟಿಗೆಗೆ ತಳ್ಳಬೇಡಿ. ಗೊಬ್ಬರದ ಚೀಲ ಇಡುವ ಗೋದಾಮಂತೂ ಬೇಡವೇ ಬೇಡ. ಪೊಟ್ಯಾಷ್ ಗೊಬ್ಬರ ತೇವ ಹೀರಿ ಉಪ್ಪಿನ ಹಾಗೆ ಕಬ್ಬಿಣ ತಿನ್ನುತ್ತದೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವೂ ಅಷ್ಟೇ, ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸನ್ನೂ ಬಿಡುವುದಿಲ್ಲ. ಗಾಳಿಯಾಡುವ ಜಾಗದಲ್ಲಿ, ಹಲಗೆಯ ಮೇಲೆ, ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪ್ಲಾಸ್ಟಿಕ್ ಹೊದಿಕೆ ಒಳಗೆ ತೇವ ಕಟ್ಟುತ್ತದೆ, ಹಳೆಯ ಹತ್ತಿ ಬೆಡ್‌ಶೀಟ್ ಒಳ್ಳೆಯದು. ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ ಹ್ಯಾಂಡಲ್‌ಗೆ ಬಿಡಿ, ಸ್ಟಾರ್ಟ್ ಮಾಡುವಾಗ ಮರೆಯಬಾರದು. ಬ್ಯಾಟರಿ ಕಳಚಿ ಮನೆಯೊಳಗಿಡಿ.

ಇಡೀ ಮಳೆಗಾಲ ಓಡಿಸುವುದಿಲ್ಲ ಅಂತಾದರೆ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿ, ಟ್ಯಾಂಕಿನ ಒಳಗೆ 2ಟಿ ಆಯಿಲ್ ಸುತ್ತಾಡಿಸಿ. ಪ್ಲಗ್ ತೂತಿನಲ್ಲಿ ಒಂದೆರಡು ಚಮಚ ಅದೇ ಎಣ್ಣೆ ಹಾಕಿ, ತಿಂಗಳಿಗೆ ಒಂದೆರಡು ಸಲ ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಸುಮ್ನೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬೇಡ, ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತದೆ. ಸ್ಟಾರ್ಟ್ ಮಾಡಿದರೆ ಮಳೆ ಬಿಟ್ಟ ಹೊತ್ತು ನೋಡಿ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿಕೊಂಡೇ ಬನ್ನಿ.